ಭುಜ್‌ನ ಬಾಂಧನಿ ವೇಲು: 4 ವರ್ಷ ಹೊದ್ದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ಇಸ್ತ್ರಿ ಹಾಕಿಸಬೇಡಿ. ಉಳಿದದ್ದನ್ನೆಲ್ಲ ಆಮೇಲೆ ಓದಿ.

2021ರ ಡಿಸೆಂಬರ್‌ನಲ್ಲಿ ಗುಜರಾತಿನ ಕಛ್ ಪ್ರವಾಸಕ್ಕೆ ಹೋದಾಗ ಭುಜ್ ಪೇಟೆಯ ಸಣ್ಣ ಅಂಗಡಿಯೊಂದರಲ್ಲಿ 900 ರೂಪಾಯಿ ಕೊಟ್ಟು ತಂದ ಹತ್ತಿಯ ವೇಲು ಇದು. ಬಾಂಧನಿ ಅಂದರೆ ಬಟ್ಟೆಗೆ ದಾರದ ಗಂಟು ಕಟ್ಟಿ, ಬಣ್ಣದಲ್ಲಿ ಅದ್ದಿ ಚುಕ್ಕಿ ಮೂಡಿಸುವ ಕೆಲಸ. ಕುಂಕುಮದ ಕೆಂಪು ಮೈ, ಮೇಲೆ ಬಿಳಿ, ಹಳದಿ ಚುಕ್ಕಿ. ಅದೇ ಬೀದಿಯಲ್ಲಿ ನೋಡಲು ಇದರಂತೆಯೇ ಇದ್ದದ್ದು 250ಕ್ಕೂ ಸಿಗುತ್ತಿತ್ತು. ಶಾಲೆಯ ಸಂಬಳದಲ್ಲಿ ಇಬ್ಬರು ಮಕ್ಕಳನ್ನು ಓದಿಸುತ್ತಿರುವ ನನಗೆ ಒಂದು ವೇಲಿಗೆ 900 ಸುಲಭದ ದುಡ್ಡಲ್ಲ. ವಾಪಸ್ ಇಟ್ಟು ಹೊರಟವಳನ್ನು ಕೂರಿಸಿ, ಅಂಗಡಿಯವರು ಒಳಗಿನಿಂದ ಇನ್ನೂ ಗಂಟು ಬಿಚ್ಚದ ವೇಲೊಂದನ್ನು ತಂದರು. ಎರಡು ಗಜಕ್ಕೂ ಉದ್ದದ ಬಟ್ಟೆ ಹಾಗಲಕಾಯಿಯಂತೆ ಮೈಯೆಲ್ಲ ಗಂಟುಗಂಟಾಗಿ, ಮುದುಡಿ, ಒಂದು ಮುಷ್ಟಿಯಲ್ಲಿ ಹಿಡಿಸುವಷ್ಟಾಗಿತ್ತು. ಒಂದು ಅಂಚು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಅವರು ಹಿಡಿದು ಅಡ್ಡಕ್ಕೆ ಜಗ್ಗಿದರು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು. ದಾರದ ಗಂಟುಗಳೆಲ್ಲ ಹಾರಿ ನೆಲಕ್ಕೆ ಬಿದ್ದವು. ತೆರೆದುಕೊಂಡ ಬಟ್ಟೆಯಲ್ಲಿ ಒಂದೊಂದು ಚುಕ್ಕಿಯೂ ಸಣ್ಣ ಮೊನೆಯಾಗಿ ಎದ್ದು ನಿಂತಿತ್ತು. ಅಂಗೈ ಆಡಿಸಿದರೆ ರವೆಯ ಮೇಲೆ ಆಡಿಸಿದ ಹಾಗೆ. ನಾನು ದುಡ್ಡು ಕೊಟ್ಟದ್ದು ಆ ಸ್ಪರ್ಶಕ್ಕೆ.

ಕಛ್‌ನಲ್ಲಿ ಈ ಬಣ್ಣದ ಕಸುಬು ತಲೆಮಾರುಗಳಿಂದ ಖತ್ರಿ ಸಮುದಾಯದವರದ್ದು. ಗಂಟು ಕಟ್ಟುವವರು ಬಹುಪಾಲು ಹೆಂಗಸರು, ಮನೆಯಲ್ಲೇ ಕೂತು. ಕಿರುಬೆರಳಿನ ಉಗುರನ್ನು ಉದ್ದ ಬಿಟ್ಟು, ಇಲ್ಲವೇ ಮೊನೆಯಿರುವ ಉಂಗುರ ಹಾಕಿಕೊಂಡು, ಬಟ್ಟೆಯನ್ನು ಚಿಟಿಕೆಯಷ್ಟು ಎತ್ತಿ ದಾರ ಬಿಗಿಯುತ್ತಾರೆ. ಬಿಳಿ ಉಳಿಯಬೇಕಾದಲ್ಲಿ ಮೊದಲು ಗಂಟು, ಆಮೇಲೆ ಹಳದಿ ಬಣ್ಣ. ಹಳದಿ ಉಳಿಯಬೇಕಾದಲ್ಲಿ ಮತ್ತೆ ಗಂಟು, ಆಮೇಲೆ ಕೆಂಪು. ನಾಲ್ಕು ಚುಕ್ಕಿಯ ಗುಂಪಿಗೆ ಚೌಬುಂದಿ ಅನ್ನುತ್ತಾರೆ. ನನ್ನ ವೇಲಿನ ಅಂಚಿನುದ್ದಕ್ಕೂ ಅವೇ.

ಬೆಳಗ್ಗೆ ಏಳೂವರೆಗೆ ಸ್ಕೂಟರ್ ತೆಗೆಯುವ ಮುಂಚೆ ಇದನ್ನು ಉದ್ದಕ್ಕೆ ಮಡಿಸಿ ತಲೆಗೆ ಸುತ್ತಿ, ಮೂಗು ಮುಚ್ಚುವ ಹಾಗೆ ಹಿಂದಕ್ಕೆ ಸಿಕ್ಕಿಸಿ, ಮೇಲೆ ಹೆಲ್ಮೆಟ್ ಹಾಕುತ್ತೇನೆ. ಹೊಸದರಲ್ಲಿ ಆ ಮೊನೆಗಳಿಂದಾಗಿ ಬಟ್ಟೆ ಕೆನ್ನೆಗೆ ಅಂಟದೆ ಒಳಗೆ ಗಾಳಿ ಆಡುತ್ತಿತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಶಾಲೆಯ ನಲ್ಲಿಯಲ್ಲಿ ಒಂದು ತುದಿ ನೆನೆಸಿ ಕತ್ತಿನ ಹಿಂದೆ ಹಾಕಿಕೊಂಡರೆ ಮೂರನೇ ಪೀರಿಯಡ್‌ವರೆಗೂ ತಂಪು. ಊಟದ ಹೊತ್ತಿಗೆ ತೊಡೆಯ ಮೇಲೆ, ವಾಪಸ್ ಬರುವಾಗ ಮತ್ತೆ ತಲೆಗೆ. ಭಾನುವಾರ ಇದಕ್ಕೆ ಬೇರೆಯದೇ ಬಕೆಟ್ಟು, ಅಂಟವಾಳದ ನೀರು, ನೆರಳಿನ ತಂತಿ.

ಬಣ್ಣ ಬಿಡುತ್ತದೆ. ಕಲ್ಲುಪ್ಪು ಹಾಕಿ ನೆನೆಸಿ ಅಂದಿದ್ದರು, ಹಾಕಿದೆ, ಆದರೂ ಮೊದಲ ಐದು ಒಗೆತಕ್ಕೆ ನೀರು ಕೆಂಪಾಯಿತು. ನಮ್ಮ ಮನೆಯವರ ಬಿಳಿ ಪಂಚೆಯ ಒಂದು ಮೂಲೆಯಲ್ಲಿ ಆ ಗುಲಾಬಿ ಕಲೆ ಈಗಲೂ ಇದೆ. ಅದಕ್ಕೆ ನನ್ನ ದೂರಿಲ್ಲ.

ದೂರಿರುವುದು ಇಸ್ತ್ರಿಯದ್ದು. ಎರಡನೇ ವರ್ಷ ನಾದಿನಿಯ ಮದುವೆ ಗಡಿಬಿಡಿಯಲ್ಲಿ ಇಸ್ತ್ರಿ ಅಂಗಡಿಗೆ ಹೋದ ಗಂಟಿನಲ್ಲಿ ಇದೂ ಸೇರಿತ್ತು. ಸಂಜೆ ಚೌಕ ಮಡಿಕೆಯಾಗಿ ಬಂತು. ಬಿಚ್ಚಿದರೆ ಒಂದು ಮೊನೆಯೂ ಇಲ್ಲ, ಹಾಳೆಯಂತೆ ಚಪ್ಪಟೆ. ನೀರಲ್ಲಿ ಅದ್ದಿದೆ, ಹಗ್ಗದಂತೆ ಹೊಸೆದು ಎರಡೂ ತುದಿ ಕಟ್ಟಿ ಒಣಗಿಸಿದೆ. ಸುಕ್ಕು ಬಂತು, ಮೊನೆ ಬರಲಿಲ್ಲ. ಸೋಮವಾರ ಸಹೋದ್ಯೋಗಿಯೊಬ್ಬರು, "ಪ್ರಿಂಟ್ ಏನ್ರೀ ಇದು? ಸಂತೇಲಿ ನೂರೈವತ್ತಕ್ಕೆ ಸಿಗತ್ತಲ್ಲ" ಅಂದರು. ಹೊಟ್ಟೆ ಉರಿಯಿತು. ಇಷ್ಟು ಕೆಲಸದ ಬಟ್ಟೆಯ ಜೊತೆ "ಇಸ್ತ್ರಿ ಬೇಡ" ಅಂತ ಒಂದು ಚೀಟಿ ಇಟ್ಟಿದ್ದರೆ ಸಾಕಿತ್ತು. ಇಸ್ತ್ರಿ ಹಾಕಿಸದಿದ್ದರೂ ಹತ್ತಿಯಲ್ಲಿ ಒಗೆದಂತೆಲ್ಲ ಮೊನೆ ಇಳಿಯುತ್ತದೆ, ರೇಷ್ಮೆಯಲ್ಲಾದರೆ ಹೆಚ್ಚು ದಿನ ನಿಲ್ಲುತ್ತದೆ ಅನ್ನುವುದನ್ನೂ ಅಂಗಡಿಯಲ್ಲೇ ಹೇಳಬೇಕು. ಸುಮಾರು ದಿನ ಅದನ್ನು ಕಪಾಟಿನ ಕೆಳಗಿನ ಅರೆಯಲ್ಲಿಟ್ಟೆ.

ಹೊರಗೆ ತೆಗೆಸಿದ್ದು ಅಮ್ಮ. ಬೆಳಕಿಗೆ ಹಿಡಿದು, "ಇದು ನಮ್ಮಮ್ಮನ ಸುಂಗಡಿ ಸೀರೆ ಥರಾನೇ ಇದೆಯಲ್ಲೇ" ಅಂದರು. ಅಮ್ಮನ ತವರು ಮೈಸೂರು. ಅಜ್ಜಿ ಬೇಸಿಗೆ ಪೂರ್ತಿ ಉಡುತ್ತಿದ್ದದ್ದು ಮಧುರೆಯ ಸುಂಗಡಿಯನ್ನೇ. ಅದೂ ಹೀಗೇ ಗಂಟು ಕಟ್ಟಿ ಬಣ್ಣ ಹಾಕಿದ ಸೀರೆ. ಅದನ್ನು ಕಟ್ಟುವವರು ಗುಜರಾತಿನ ಕಡೆಯಿಂದ ಬಂದು ಮಧುರೆಯಲ್ಲಿ ನೆಲೆಸಿದ ಸೌರಾಷ್ಟ್ರದವರು. ಅಮ್ಮ ಕನ್ನಡಕ ಹಾಕಿಕೊಂಡು ತೋರಿಸಿದರು: ಬಿಳಿ ಚುಕ್ಕಿಯ ನಟ್ಟನಡುವೆ ಸೂಜಿ ತುದಿಯಷ್ಟು ಕೆಂಪು, ಗಂಟಿನ ನೆತ್ತಿಗೆ ಬಣ್ಣ ತಾಗಿದ ಗುರುತು. ಹಿಂಬದಿಯಲ್ಲೂ ಅಷ್ಟೇ ಬಣ್ಣ. ಒಂದು ಚುಕ್ಕಿ ದುಂಡಗೆ, ಪಕ್ಕದ್ದು ಸೊಟ್ಟ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಟ್ಟಿಗೆ ಕಟ್ಟಿರುವುದರಿಂದ ಒಂದು ಕಾಲುಭಾಗದ ಚುಕ್ಕಿ ಸ್ಪಷ್ಟ, ಇನ್ನೊಂದರಲ್ಲಿ ಮಸುಕು. ಮೊನೆ ಎದ್ದು ನಿಂತಿದ್ದಾಗ ಇದಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಹೋದ್ಯೋಗಿಗೂ ತೋರಿಸಿದೆ. ಅವರು ತಮ್ಮ ವೇಲು ತಿರುಗಿಸಿ ನೋಡಿದರು, ಹಿಂಬದಿ ಪೇಲವ.

ಈಗ ಮತ್ತೆ ದಿನಾ ಹೊದೆಯುತ್ತೇನೆ. ಕುಂಕುಮದ ಕೆಂಪು ಹೆಂಚಿನ ಬಣ್ಣಕ್ಕೆ ಬಂದಿದೆ, ಬಟ್ಟೆ ಹಳೇ ಪಂಚೆಯಷ್ಟು ಮೆತ್ತಗಾಗಿದೆ. ಒಂದು ಎಳೆಯೂ ಹರಿದಿಲ್ಲ. 900 ರೂಪಾಯಿ ಎಂದೋ ತೀರಿತು.

ಕೊಳ್ಳುವವರು ಬಿಚ್ಚದ ಗಂಟನ್ನೇ ಕೇಳಿ. ಮುಂದಿನ ಸಲ ನಾನು ಅಂಗಡಿಯಲ್ಲಿ ಜಗ್ಗಿಸುವುದಿಲ್ಲ, ಹಾಗೇ ಮನೆಗೆ ತರುತ್ತೇನೆ. ಅಮ್ಮ ಆ ಸದ್ದನ್ನು ಇನ್ನೂ ಕೇಳಿಲ್ಲ.