ಭಾಗವತರ ಕಿವಿಗೆ ಯಾವ ಹೆಡ್‌ಫೋನ್?

ಯಕ್ಷಗಾನದ ಪದ್ಯಗಳನ್ನು ಮನೆಯಲ್ಲಿಯೇ ಧ್ವನಿಮುದ್ರಿಸುವವರು ಹಾಡುವವರಿಗೆ ಹೊರಬದಿ ಪೂರ್ತಿ ಮುಚ್ಚಿದ ಹೆಡ್‌ಫೋನನ್ನೇ ಕೊಡಬೇಕು. ಬದಿಯಡ್ಕದ ನಮ್ಮ ಮನೆಯಲ್ಲಿ ಭಾವನ ಭಾಗವತಿಕೆಯನ್ನು ಮುದ್ರಿಸುವಾಗ, ಸಂಗೀತ ಕೇಳಲೆಂದು ಮೊದಲೇ ಕೊಂಡಿದ್ದ, ಹೊರಬದಿ ಅರೆತೆರೆದ ಮಾದರಿಯನ್ನೂ ಈ ಕೆಲಸಕ್ಕೆಂದೇ ತರಿಸಿದ, ಪೂರ್ತಿ ಮುಚ್ಚಿದ ಸೆನ್‌ಹೈಸರ್ ಎಚ್‌ಡಿ 280 ಪ್ರೊವನ್ನೂ ಬಳಸಿ ನೋಡಿದ ಮೇಲೆ ನನಗೆ ಇದರಲ್ಲಿ ಸಂದೇಹ ಉಳಿದಿಲ್ಲ.

ಅರೆತೆರೆದ ಹೆಡ್‌ಫೋನಿನಲ್ಲಿ ತನ್ನ ದನಿ ತನಗೆ ಸಹಜವಾಗಿ ಕೇಳಿಸುವುದರಿಂದ ಭಾವನಿಗೆ ಅದೇ ಹಿತವಾಗಿತ್ತು. ಆದರೆ ಮೊದಲೇ ಮುದ್ರಿಸಿಟ್ಟ ಚೆಂಡೆ, ಮದ್ದಳೆ, ಚಕ್ರತಾಳಗಳ ಸದ್ದು ಅದರಿಂದ ಹೊರಗೆ ಸೋರಿ, ಒಂದು ಗೇಣು ದೂರದ ಕಂಡೆನ್ಸರ್ ಮೈಕಿಗೆ ಸೇರುತ್ತಿತ್ತು. ಮೈಕ್ ಹಿಂಬದಿಯ ಸದ್ದನ್ನು ಎಷ್ಟು ತಡೆದರೂ ಫಲವಿಲ್ಲ. ಹೆಡ್‌ಫೋನ್ ಇರುವುದು ಹಾಡುವವನ ತಲೆಯ ಮೇಲೆ, ಮೈಕಿನ ಎದುರಿನಲ್ಲಿಯೇ. ಮದ್ದಳೆಯ ತಗ್ಗು ನಾದ ಅಷ್ಟಾಗಿ ಬಾಧಿಸುವುದಿಲ್ಲ, ಚಕ್ರತಾಳದ ಚೂಪು ಸದ್ದು ಮಾತ್ರ ಆಲಾಪನೆ ಮುಗಿದು ಉಸಿರೆಳೆದುಕೊಳ್ಳುವ ಎಡೆಯಲ್ಲೆಲ್ಲ ಸ್ಪಷ್ಟವಾಗಿ ಕೇಳುತ್ತದೆ. ಮಿಕ್ಸಿಂಗ್ ಮಾಡುವಾಗ ಕಂಪ್ರೆಸರ್ ಹಾಕಿ ದನಿಯ ಏರಿಳಿತವನ್ನು ಸಮಗೊಳಿಸಿದರೆ ಅದು ಇನ್ನಷ್ಟು ಮೇಲೇಳುತ್ತದೆ. ಸಣ್ಣ ಸದ್ದನ್ನು ತಾನಾಗಿಯೇ ಕತ್ತರಿಸುವ ಗೇಟ್ ಹಾಕಿದರೆ ಆಲಾಪನೆಯ ಕೊನೆಯ ಎಳೆಯೂ ತುಂಡಾಗುತ್ತದೆ. ಹಿಮ್ಮೇಳವನ್ನು ಮತ್ತೊಮ್ಮೆ ನುಡಿಸಿ ಬದಲಾಯಿಸಿದಾಗಲಂತೂ ಹಳೆಯ ತಾಳ ಪದ್ಯದೊಳಗೆ ಉಳಿದುಕೊಂಡು, ಹೊಸ ತಾಳದೊಡನೆ ಹೆಜ್ಜೆ ತಪ್ಪಿ ಕೇಳುತ್ತಿತ್ತು.

ಮುಚ್ಚಿದ ಹೆಡ್‌ಫೋನಿನಲ್ಲಿ ಈ ತೊಂದರೆ ಬಹುಪಾಲು ನಿಂತಿತು. ಅದರ ಬಿಗಿಯಾದ ಹಿಡಿತವೇ ಇಲ್ಲಿ ಉಪಕಾರಿ. ಕನ್ನಡಕದ ಕಡ್ಡಿ ಕಿವಿಯ ಸುತ್ತ ಕೂರುವ ದಿಂಬನ್ನು ಕೂದಲೆಳೆಯಷ್ಟು ಎತ್ತಿದರೂ ಅಲ್ಲಿಂದ ತಾಳ ಸೋರುತ್ತದೆ. ಆದ್ದರಿಂದ ಭಾವನಿಗೆ ಪದ್ಯಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಟ್ಟು, ಕನ್ನಡಕ ತೆಗೆಸುತ್ತೇನೆ. ಕಿವಿಗೆ ಕಳಿಸುವ ಸದ್ದಿನಿಂದ ಚಕ್ರತಾಳವನ್ನು ತೆಗೆದು, ಶ್ರುತಿ ಮತ್ತು ಮದ್ದಳೆಯನ್ನಷ್ಟೇ ಉಳಿಸುತ್ತೇನೆ. ಎರಡೂ ಕಿವಿ ಮುಚ್ಚಿದರೆ ಶ್ರುತಿ ಹಿಡಿಯುವುದು ಕಷ್ಟವೆನ್ನುವವರು ಒಂದು ಬದಿಯನ್ನು ಕಿವಿಯ ಹಿಂದಕ್ಕೆ ಸರಿಸಿಕೊಳ್ಳಬಹುದು, ಆದರೆ ಆ ಬದಿಯ ಸದ್ದನ್ನು ಪೂರ್ತಿ ನಿಲ್ಲಿಸಲೇಬೇಕು.

ಕಿವಿಯೊಳಗೆ ಕೂರುವ ಇಯರ್‌ಫೋನಿನಿಂದ ಸೋರಿಕೆ ಕಡಿಮೆಯೇ ಆದರೂ, ಏರುದನಿಯಲ್ಲಿ ಬಾಯಿ ತೆರೆದಾಗ ಅದು ಜಾರುತ್ತದೆ.

ನನ್ನ ಹಣ ಒಂದಕ್ಕೇ ಸಾಲುವುದಾದರೆ ಮುಚ್ಚಿದ್ದನ್ನೇ ಕೊಳ್ಳುತ್ತೇನೆ. ಅರೆತೆರೆದದ್ದು ಮನೆಯಲ್ಲಿಯೇ ಇರುವುದರಿಂದ ರಾತ್ರಿ ಮಿಕ್ಸಿಂಗಿಗೆ ಅದನ್ನು ಬಳಸುತ್ತೇನೆ, ಆ ಕೆಲಸಕ್ಕೆ ಅದು ಚೆನ್ನಾಗಿದೆ. ಹಿಮ್ಮೇಳದವರೆಲ್ಲ ಒಂದೇ ಕೋಣೆಯಲ್ಲಿ ಕುಳಿತು ನುಡಿಸುವುದಾದರೆ ಈ ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲ. ಚೆಂಡೆ ನೇರವಾಗಿಯೇ ಮೈಕಿಗೆ ಬೀಳುತ್ತದೆ.