ಸತ್ಯವೇದ ಓದುವ ಅಭ್ಯಾಸ: ವರ್ಷದ ಪಟ್ಟಿಯೋ, ಫೋನೋ, ನೋಟ್‌ಬುಕ್ಕೋ?

ಮೂರು ವರ್ಷದಲ್ಲಿ ಮೂರು ರೀತಿ ಸತ್ಯವೇದ, ಅಂದರೆ ಬೈಬಲ್, ಓದಿ ನೋಡಿದ್ದೇನೆ. ವರ್ಷಕ್ಕೆ ಪೂರ್ತಿ ಮುಗಿಸುವ ಪಟ್ಟಿ, ಫೋನಿನಲ್ಲಿ ಕೇಳುವುದು, ನೋಟ್‌ಬುಕ್ಕಿನಲ್ಲಿ ಬರೆಯುತ್ತ ಓದುವುದು. ಮೂರಕ್ಕೂ ಒಂದೇ ಪ್ರಶ್ನೆ ಹಾಕಿಕೊಂಡೆ: ಓದು ತಪ್ಪಿದ ದಿನದ ಮರುದಿನ ಏನಾಗುತ್ತದೆ? ಹುರುಪು ಇದ್ದ ದಿನ ಯಾವ ರೀತಿ ಆದರೂ ನಡೆಯುತ್ತದೆ. ಊರಿಗೆ ಹೋಗಿ ಬಂದ ಮೇಲೆ, ಜ್ವರ ಬಿಟ್ಟು ಎದ್ದ ಮೇಲೆ ನಮ್ಮನ್ನು ಮತ್ತೆ ಕೂರಿಸುವುದು ಯಾವುದು ಅಂತ ನೋಡಬೇಕು, ಅಲ್ವಾ?

ಮೊದಲು ವರ್ಷದ ಪಟ್ಟಿ. ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರು, ಕೆಲವು ದಿನ ನಾಲ್ಕು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಜನವರಿ 1ಕ್ಕೆ ಮೊದಲ ಪುಸ್ತಕ ಆದಿಕಾಂಡ ಹಿಡಿದೆ. ಯೋಸೇಫನ ಕಥೆ ಬಂದಾಗ ಪುಸ್ತಕ ಕೆಳಗಿಡಲು ಮನಸ್ಸೇ ಬರಲಿಲ್ಲ. ಎರಡನೆಯದಾದ ವಿಮೋಚನಕಾಂಡದ ಕೊನೆಗೆ ಆರಾಧನೆಯ ಗುಡಾರದ ಅಳತೆಗಳು ಶುರುವಾದವು, ಓದು ನಿಧಾನವಾಯಿತು. ತಿಂಗಳ ಕೊನೆಗೆ ಬಲಿ, ನಿಯಮಗಳ ಯಾಜಕಕಾಂಡ. ಅಷ್ಟರಲ್ಲಿ ಹಾವೇರಿಯಲ್ಲಿ ಅಕ್ಕನ ಮಗಳ ಮದುವೆ. ನಾಲ್ಕು ದಿನ ಪುಸ್ತಕ ಮುಟ್ಟಲಿಲ್ಲ. ವಾಪಸ್ ಬಂದಾಗ 13 ಅಧ್ಯಾಯ ಬಾಕಿ. ರಾತ್ರಿ ಕೂತು ಓದಿ ಎಲ್ಲಕ್ಕೂ ಗೆರೆ ಎಳೆದೆ. ಬೆಳಿಗ್ಗೆ ಅವ್ವ ಚಹಾ ಕೊಡುತ್ತ ಕೇಳಿದಳು: "ರಾತ್ರಿ ಏನ್ ಓದಿದ್ಯವಾ?" ಹೇಳಲು ಒಂದು ಮಾತೂ ನೆನಪಿಗೆ ಬರಲಿಲ್ಲ. ಮಾರ್ಚ್‌ನಲ್ಲಿ ಪಟ್ಟಿ ನಿಂತುಹೋಯಿತು.

ಆಮೇಲೆ ಒಬ್ಬ ಗೆಳತಿ ಇನ್ನೊಂದು ಪಟ್ಟಿ ಕೊಟ್ಟಳು. ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಯವರಿಗಾಗಿ ಮಾಡಿದ್ದು. ಇದರಲ್ಲಿ ದಿನಕ್ಕೆ ನಾಲ್ಕು ಕಡೆಯಿಂದ ಓದು. ಯೇಸುವಿಗೆ ಮೊದಲಿನ ಭಾಗವಾದ ಹಳೆಯ ಒಡಂಬಡಿಕೆ ವರ್ಷಕ್ಕೆ ಒಂದು ಸಲ, ಯೇಸುವಿನಿಂದ ಮುಂದಿನ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳ ಪುಸ್ತಕ ಎರಡು ಸಲ ಆಗುತ್ತವೆ. ಒಂದು ಕಡೆ ಓದು ಕಷ್ಟವಾದರೂ ಇನ್ನೊಂದು ಕಡೆ ಯೇಸುವಿನ ಮಾತು ಸಿಗುತ್ತದೆ. ಮೊದಲನೆಯದಕ್ಕಿಂತ ಇದು ಖಂಡಿತ ಮೇಲು. ಆದರೆ ಬಾಕಿ ಬೀಳುವುದು ಇದರಲ್ಲಿ ಇನ್ನೂ ಜಾಸ್ತಿ. ಸುಮ್ನೆ ಕಣ್ಣಾಡಿಸುವ ಓದಾಗಬಹುದು, ಹೊರಲಾರದ ನೊಗ ಆಗಬಹುದು ಅಂತ ಪಟ್ಟಿ ಮಾಡಿದವರೇ ಅಂದು ಎಚ್ಚರಿಸಿದ್ದರು. ನನಗೆ ಆದದ್ದೂ ಅದೇ.

ಎರಡನೇ ವರ್ಷ ಫೋನು. ಮನೆ ಧಾರವಾಡ, ಕೆಲಸ ಹುಬ್ಬಳ್ಳಿ. ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿ ಇಯರ್‌ಫೋನ್ ಹಾಕಿಕೊಂಡರೆ ಉಣಕಲ್ ಬರುವ ಹೊತ್ತಿಗೆ ಯೇಸುವಿನ ಕಥೆ ಹೇಳುವ ಮಾರ್ಕನ ಪುಸ್ತಕದ ನಾಲ್ಕು ಅಧ್ಯಾಯ ಆಗಿಬಿಡುತ್ತಿತ್ತು. ಕಣ್ಣಿಗೆ ಕಾಣದ್ದು ಕೆಲವು ಸಲ ಕಿವಿಗೆ ಸಿಗುತ್ತದೆ. ಮಾರ್ಕ ಪದೇ ಪದೇ "ಕೂಡಲೇ" ಅನ್ನುತ್ತಾನೆ. ಒಂದು ಮುಗಿಯಿತು, ಕೂಡಲೇ ಇನ್ನೊಂದು. ಆ ಓಟ ನನಗೆ ತಿಳಿದಿದ್ದು ಕೇಳಿದಾಗಲೇ. ತಪ್ಪಿದ ದಿನದ ಮರುದಿನ ಫೋನಿನಲ್ಲಿ ಬಾಕಿಯ ಭಾರ ಇಲ್ಲ, ಬಟನ್ ಒತ್ತಿದರೆ ಸಾಕು. ಆದರೆ ನಡುವೆ ಆಫೀಸಿನ ಮೆಸೇಜ್ ಬಂದರೆ ಮನಸ್ಸು ಆ ಕಡೆ ಹೋಗುತ್ತಿತ್ತು. ಓದುವವರ ದನಿ ಮುಂದೆ ಹೋಗುತ್ತಲೇ ಇರುತ್ತಿತ್ತು.

ಈ ವರ್ಷ ನೋಟ್‌ಬುಕ್. 200 ಪುಟದ್ದು, ಗೆರೆ ಇರುವುದು. ಬೆಳಿಗ್ಗೆ ಐದೂವರೆಗೆ ಅಡುಗೆಮನೆಯ ಮೇಜಿನ ಮೇಲೆ. ಎಡಗಡೆ ಪುಟದಲ್ಲಿ ಆರೇಳು ವಚನ ಕೈಯಿಂದ ಬರೆಯುತ್ತೇನೆ. ಬಲಗಡೆ ಮೂರು ಉತ್ತರ: ಇಲ್ಲಿ ಯಾರು ಏನು ಮಾಡಿದರು? ನಾನು ಇದುವರೆಗೆ ನೋಡದೇ ಇದ್ದದ್ದು ಏನು? ಇವತ್ತು ನಾನು ಏನು ಮಾಡಬೇಕು? ಅವ್ವನ ಹಳೆಯ ಸತ್ಯವೇದದಿಂದಲೇ ಬರೆಯುವುದು. ಅದರ ಬೆನ್ನು ಕಿತ್ತು, ಅವಳು ದಪ್ಪ ದಾರದಿಂದ ಹೊಲಿದಿದ್ದಾಳೆ. ಅರ್ಥ ಆಗದಿದ್ದಾಗ ಮಾತ್ರ ಪಕ್ಕದಲ್ಲಿ ಸರಳ ಅನುವಾದ ಇಟ್ಟುಕೊಳ್ಳುತ್ತೇನೆ. ಮೊದಲು ಫಿಲಿಪ್ಪಿಯವರಿಗೆ ಬರೆದ ಪತ್ರ, ನಾಲ್ಕೇ ಅಧ್ಯಾಯ. ಅದಾದ ಮೇಲೆ ಮಾರ್ಕ.

ಮಾರ್ಕ ನಾಲ್ಕನೇ ಅಧ್ಯಾಯದಲ್ಲಿ ಬಿರುಗಾಳಿಯ ಕಥೆ ಇದೆಯಲ್ಲ, ಅದನ್ನು ಸಂಡೇ ಸ್ಕೂಲಿನಿಂದ ಕೇಳಿದ್ದೇನೆ. ಬಸ್ಸಿನಲ್ಲಿ ಮೂರು ಸಲವಾದರೂ ಕೇಳಿರಬೇಕು. ಬರೆಯುವಾಗ ಒಂದು ಪದಕ್ಕೆ ಪೆನ್ನು ನಿಂತಿತು: ದಿಂಬು. ದೋಣಿಯ ಹಿಂಭಾಗದಲ್ಲಿ ಯೇಸು ದಿಂಬಿಗೆ ತಲೆಯಿಟ್ಟು ಮಲಗಿದ್ದಾನೆ. ಯೇಸುವಿನ ಕಥೆಯನ್ನೇ ಹೇಳುವ ಮತ್ತಾಯ, ಲೂಕ ಪುಸ್ತಕಗಳನ್ನೂ ತೆಗೆದು ನೋಡಿದೆ. ಇದೇ ಕಥೆ ಇದೆ, ದಿಂಬು ಇಲ್ಲ. ಜೊತೆಗೆ ಬೇರೆ ದೋಣಿಗಳೂ ಇದ್ದವು ಅನ್ನುವುದೂ ಮಾರ್ಕನಲ್ಲೇ ಇರುವುದು. ಇಡೀ ದಿನ ಜನರಿಗೆ ಕಲಿಸಿ ದಣಿದು ಮಲಗಿದ ಮನುಷ್ಯನ ಮುಖ ಆ ಬೆಳಿಗ್ಗೆ ಕಂಡ ಹಾಗಾಯಿತು. ಅವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಣದಿದ್ದ ಪಾಪ, ಅಂವಗ ನಿದ್ದಿ ಬ್ಯಾಡೇನ?" ಅಂದಳು.

ಇದರಲ್ಲೂ ಕೊರತೆ ಇದೆ. ಈ ಲೆಕ್ಕದಲ್ಲಿ 16 ಅಧ್ಯಾಯದ ಮಾರ್ಕ ಮುಗಿಯಲು ಮೂರು ತಿಂಗಳು ದಾಟುತ್ತದೆ. ಯೆಶಾಯ ಯಾವಾಗ, ಯೆರೆಮೀಯ ಯಾವಾಗ? ಅದಕ್ಕೇ ಹಳೆಯ ಒಡಂಬಡಿಕೆಯನ್ನು ಬಸ್ಸಿಗೆ ಬಿಟ್ಟಿದ್ದೇನೆ, ಮೆಸೇಜ್ ಸದ್ದು ಬಂದ್ ಮಾಡಿ. ಸಮುವೇಲನ ಪುಸ್ತಕಗಳು ಕೇಳಲು ಬಲು ಚಂದ. ಬುಧವಾರ ಸಂಜೆ ನಾಲ್ಕೈದು ಮನೆಯವರು ಸೇರಿ ಓದುವುದೂ ಇದೆ. ಅಲ್ಲಿ ಹೇಳಲು ಏನಾದರೂ ಬೇಕು ಅಂತ ಮಂಗಳವಾರ ಯಾರೂ ತಪ್ಪಿಸುವುದಿಲ್ಲ. ಆದರೆ ಪರೀಕ್ಷೆ, ಮದುವೆ ಕಾಲ ಬಂದರೆ ಕೂಟ ನಿಲ್ಲುತ್ತದೆ. ಅದನ್ನೊಂದನ್ನೇ ನೆಚ್ಚಿಕೊಳ್ಳಲು ಆಗುವುದಿಲ್ಲ.

ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ನೋಟ್‌ಬುಕ್ಕನ್ನೇ ಹೇಳುತ್ತೇನೆ. ಒಂದು ಚಿಕ್ಕ ಪುಸ್ತಕ, ದಿನಕ್ಕೆ ಆರೇಳು ವಚನ, ಅಷ್ಟೇ. ವರ್ಷದ ಪಟ್ಟಿ ಎರಡು ವರ್ಷ ಕಳೆದ ಮೇಲೆ ನೋಡಿದರಾಯಿತು.

ಹೋದ ತಿಂಗಳು ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ಐದನೇ ದಿನ ನೋಟ್‌ಬುಕ್ ತೆರೆದೆ. ಯೇಸು ಐದು ರೊಟ್ಟಿಯಿಂದ ಸಾವಿರಾರು ಜನರಿಗೆ ಉಣಿಸಿದ ಕಥೆ ಅರ್ಧಕ್ಕೆ ನಿಂತಿತ್ತು, ಜನ ಇನ್ನೂ ಹಸುರು ಹುಲ್ಲಿನ ಮೇಲೆ ಸಾಲಾಗಿ ಕೂತಿದ್ದರು. ಪೆನ್ನು ತೆಗೆದುಕೊಂಡು ಮುಂದಿನ ವಚನ ಬರೆದೆ.