ಡೈಯಲ್ಲಿ ಕಚ್ಚಿಕೊಂಡ ಕೇಸ್ ಬಿಡಿಸುವ ಕಿಟ್: ಇರಲಿ ಒಂದು

ಅಮೆರಿಕದಲ್ಲಿ ಮನೆಯಲ್ಲೇ ರೈಫಲ್ ಕಾರ್ಟ್ರಿಜ್ (ತೋಟಾ) ರೀಲೋಡ್ ಮಾಡುವ, ಅಂದರೆ ಹಾರಿಸಿದ ಕೇಸನ್ನು ಮತ್ತೆ ತುಂಬುವ ಹೊಸಬರಿಗೆ ಈ ಕಿಟ್ ಬೇಕಾಗಿಯೇ ಬೇಕಾಗುತ್ತದೆ. ಖಾಲಿ ಹಿತ್ತಾಳೆ ಕೇಸಿಗೆ ಲ್ಯೂಬ್ (ಜಾರಿಸುವ ಎಣ್ಣೆ ಅಥವಾ ಮೇಣ) ಸವರದೆ ಸೈಜಿಂಗ್ ಡೈಗೆ (ಕೇಸನ್ನು ಮೊದಲಿನ ಅಳತೆಗೆ ಒತ್ತುವ ಅಚ್ಚಿಗೆ) ನೂಕಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಪ್ರೆಸ್ಸಿನ ಲಿವರ್ ಜಗ್ಗಿದರೆ ಕೇಸನ್ನು ಹಿಡಿದ ಶೆಲ್‌ಹೋಲ್ಡರ್ ಅದರ ರಿಮ್ಮನ್ನೇ (ಬುಡದ ಅಂಚನ್ನೇ) ಕಿತ್ತುಕೊಂಡು ಬರುತ್ತದೆ.

ಕಿಟ್ಟಲ್ಲಿ 7ನೇ ನಂಬರಿನ ಡ್ರಿಲ್ ಬಿಟ್, ಕಾಲಿಂಚು ದಪ್ಪದ, ಇಂಚಿಗೆ 20 ಎಳೆಯ ಟ್ಯಾಪ್ (ತೂತಿನೊಳಗೆ ತಿರುಪಿನ ಎಳೆ ಕೊರೆಯುವ ಸಾಧನ), ಬೋಲ್ಟ್, ಒಂದು ಕಪ್. ಮೊದಲು ಡಿಕ್ಯಾಪಿಂಗ್ ರಾಡ್ (ಡೈಯೊಳಗಿನ, ತುದಿಯಲ್ಲಿ ಪಿನ್ ಇರುವ ಸಲಾಕೆ) ಸಡಿಲಿಸಿ ಮೇಲಕ್ಕೆತ್ತಿ, ಇಲ್ಲದಿದ್ದರೆ ಬಿಟ್ಟೂ ಪಿನ್ನೂ ಹಾಳು. ಸಿಡಿಯದ ಪ್ರೈಮರ್ (ಕೇಸಿನ ಬುಡದಲ್ಲಿ ಕೂತು ಮದ್ದು ಹೊತ್ತಿಸುವ ಪುಟ್ಟ ಬಟ್ಟಲು) ಒಳಗಿದ್ದರೆ ಕೊರೆಯಲೇಬೇಡಿ. ಪ್ರೈಮರ್ ಗುಳಿಯ ನಡುವೆ ಕೊರೆದು, ಟ್ಯಾಪ್ ಹಾಕಿ, ಕಪ್ ಕೂರಿಸಿ ಬೋಲ್ಟ್ ತಿರುಗಿಸುತ್ತಾ ಹೋದರೆ ಕೇಸ್ ಮೆಲ್ಲಗೆ ಈಚೆ ಬರುತ್ತದೆ. ಟ್ಯಾಪ್ ಪೆಡಸು: ಅರ್ಧ ಸುತ್ತಿಗೊಮ್ಮೆ ಹಿಂದೆ ತಿರುಗಿಸಿ ಚೂರು ಉದುರಿಸದಿದ್ದರೆ ಪಟ್ಟನೆ ಮುರಿಯುತ್ತದೆ.

ಬರ್ಡಾನ್ ಬಗೆಯ ಕೇಸಿನ ಪ್ರೈಮರ್ ಗುಳಿಯಲ್ಲಿ ಪಿನ್ ತೂರಲು ನಡುವೆ ತೂತಿಲ್ಲ. ಅಲ್ಲಿ ಮುರಿಯುವುದು ಡಿಕ್ಯಾಪಿಂಗ್ ಪಿನ್, ಅದಕ್ಕೆ ಈ ಕಿಟ್ ಮದ್ದಲ್ಲ. ಕೇಸ್ ಕಚ್ಚಿಕೊಳ್ಳದಿರಲು ಲ್ಯೂಬ್ ಬೇಕು, ಹಾಗಂತ ಅತಿಯಾಗಿ ಮೆತ್ತಿದರೆ ಕೇಸಿನ ಭುಜದಲ್ಲಿ ತಗ್ಗು ಬೀಳುತ್ತದೆ.